ಗೋಡೆ ನುಂಗಿದ ಕನ್ನಡಿ

ಆ ಊರಿನಲ್ಲಿ ಕನ್ನಡಿಯಪ್ಪನ ಮುಂದೆ ತಲೆ ತಗ್ಗಿಸದ ಗಂಡಸೇ ಇರಲಿಲ್ಲ. ಪೊಲೀಸು ಅಧಿಕಾರಿ ತಗ್ಗಿಸಿದ್ದ, ಬ್ಯಾಂಕಿನ ಮ್ಯಾನೇಜರು ತಗ್ಗಿಸಿದ್ದ, ಹೆತ್ತಪ್ಪನಿಗೂ ಬಾಗದ ಸೊಕ್ಕಿನವನೆಂದು ಹೆಸರಾಗಿದ್ದ ಮರದ ಮಂಡಿಯ ಸಾಹುಕಾರನೂ ತಗ್ಗಿಸಿದ್ದ. ತಗ್ಗಿಸದೆ ಹೋದರೆ ಹಿಂಗತ್ತಿನ ಕೂದಲು ತೆಗೆಯುವುದು ಹೇಗೆ? ಆದರೆ ಈ ಕೊನೆಯ ಮಾತನ್ನು ಕನ್ನಡಿಯಪ್ಪ ಯಾರಿಗೂ ಹೇಳುತ್ತಿರಲಿಲ್ಲ. "ಈ ಊರಲ್ಲಿ ನನ್ನ ಮುಂದೆ ತಲೆ ತಗ್ಗಿಸದೋನು ಯಾವನಿದ್ದಾನೆ ತೋರಿಸಿ" ಎಂಬಲ್ಲಿಗೆ ನಿಲ್ಲಿಸಿ, ಬಾಚಣಿಗೆಯನ್ನು ಕತ್ತರಿಗೆ ಒಮ್ಮೆ ಟಕ್ಕೆಂದು ತಟ್ಟುತ್ತಿದ್ದ.

ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು. ಅದು ಅವನ ಹೆಂಡತಿಗೂ ಮರೆತುಹೋಗಿತ್ತು. ಊರು ಅವನಿಗೆ ಹೊಸ ಹೆಸರಿಟ್ಟಿದ್ದು ಸಲೂನಿನ ಕನ್ನಡಿಯಿಂದಾಗಿ. ಎಂಥ ಕನ್ನಡಿ ಅದು! ಅಂಗಡಿಯ ಒಂದು ಗೋಡೆಯನ್ನೇ ನುಂಗಿ ಕೂತಿತ್ತು. ಬೇರೆ ಕನ್ನಡಿಗಳಲ್ಲಿ ಮುಖ ಕಾಣುತ್ತಿತ್ತು. ಇದರಲ್ಲಿ ನಿನ್ನೆ ಮಾಡಿದ ಜಗಳ, ನಾಳೆ ಬರಲಿರುವ ನೆಗಡಿ ಎರಡೂ ಕಾಣುತ್ತವೆಂದು ಜನ ಹೇಳುತ್ತಿದ್ದರು. ಹೆಣ್ಣು ನೋಡಲು ಹೊರಟ ಹುಡುಗರು ಕ್ಷೌರ ಬೇಡವಾಗಿದ್ದರೂ ಬಂದು, ಒಮ್ಮೆ ಇಣುಕಿ, ಧೈರ್ಯ ತುಂಬಿಕೊಂಡು ಹೋಗುತ್ತಿದ್ದರು. ಬಾಗಿಲಿಗೆ ಬೆನ್ನು ಹಾಕಿ ಕತ್ತರಿ ಆಡಿಸುತ್ತಿದ್ದರೂ ಇಡೀ ಬೀದಿ ಕನ್ನಡಿಯಪ್ಪನ ಕಣ್ಣ ಮುಂದೆಯೇ ಇರುತ್ತಿತ್ತು. ಯಾರು ಯಾರ ಜೊತೆ ಹೋದರು, ಯಾರ ಕೊಡೆ ಯಾರ ಕೈಯಲ್ಲಿದೆ, ಎಲ್ಲ ವರದಿ ಅಲ್ಲಿಂದಲೇ.

ಆ ಕನ್ನಡಿ ಮೊದಲು ಇದ್ದದ್ದು ಬೀದಿಯ ತುದಿಯ ನಾಟಕಶಾಲೆಯಲ್ಲಿ, ಬಣ್ಣ ಹಚ್ಚುವ ಕೋಣೆಯಲ್ಲಿ. ನಾಟಕಶಾಲೆ ಮುಚ್ಚಿದ ದಿನ, ನಟರಿಗೆಲ್ಲ ಗಡ್ಡ ಮೀಸೆ ತಿದ್ದುತ್ತಿದ್ದ ಕನ್ನಡಿಯಪ್ಪನ ಅಪ್ಪ, "ನನಗೆ ಬೇರೇನೂ ಬೇಡ, ಅದೊಂದು ಕೊಡಿ" ಎಂದು ಕೇಳಿ ಪಡೆದನಂತೆ. ಆರು ಜನ ಹೊರಬೇಕಾದ ಕನ್ನಡಿಯನ್ನು ಹಾಸಿಗೆಯಲ್ಲಿ ಸುತ್ತಿ ಒಬ್ಬನೇ ಬೆನ್ನ ಮೇಲೆ ಹೊತ್ತು ತಂದನಂತೆ. ಮಗ ಆ ಕಥೆ ಹೇಳಿದಾಗಲೆಲ್ಲ ಹೊರಬೇಕಾದವರ ಸಂಖ್ಯೆ ಇಬ್ಬಿಬ್ಬರಂತೆ ಏರಿ, ಕೊನೆಗೆ ಕನ್ನಡಿಯ ಸುತ್ತ ಅಷ್ಟು ಜನಕ್ಕೆ ನಿಲ್ಲಲು ಜಾಗವೇ ಇಲ್ಲದಂತಾಗಿತ್ತು. ಇರಲಿ. ಅಪ್ಪ ಬಾಡಿಗೆ ಅಂಗಡಿಯ ಗೋಡೆಯನ್ನು ನಾಲ್ಕು ಬೆರಳು ಕೊರೆಸಿ, ಕನ್ನಡಿಯನ್ನು ಅದರಲ್ಲಿ ಕೂರಿಸಿ, ಸುತ್ತ ಗಾರೆ ಮೆತ್ತಿಸಿ, ಮೇಲೆ ಮರದ ಪಟ್ಟಿ ಹೊಡೆಸಿದ. ಕಟ್ಟಡದ ಹಳೆಯ ಯಜಮಾನರು ಪಕ್ಕದಲ್ಲೇ ನಿಂತು ನೋಡಿ, "ಹಾಕ್ಕೊಳ್ಳಯ್ಯ. ಕನ್ನಡಿ ನಿಂದು, ಗೋಡೆ ನಂದು. ಇಬ್ಬರ ಮುಖಾನೂ ಬೆಳಗಲಿ" ಎಂದು ನಕ್ಕರು. ಕರಾರು, ಕಾಗದ, ಸಾಕ್ಷಿ ಎಲ್ಲವೂ ಆ ನಗೆಯೇ.

ಮಗನನ್ನು ಕೆಲಸಕ್ಕೆ ಹಚ್ಚಿದ ದಿನ ಅಪ್ಪ ಹೇಳಿಕೊಟ್ಟಿದ್ದು ಒಂದೇ ಪಾಠ. "ತಲೆ ನೋಡಬೇಡ ಮಗನೇ, ಕನ್ನಡಿ ನೋಡು. ಗಿರಾಕಿ ತನ್ನನ್ನ ನೋಡ್ಕೊಳ್ಳೋದು ಅಲ್ಲಿ. ನೀನು ಚಂದ ಮಾಡಬೇಕಾದ್ದು ಅಲ್ಲಿರೋ ತಲೆಯನ್ನ, ಇಲ್ಲಿರೋದನ್ನಲ್ಲ." ಅಂದಿನಿಂದ ಕನ್ನಡಿಯಪ್ಪನ ಕಣ್ಣು ಕನ್ನಡಿಯಲ್ಲಿ, ಕೈ ತಲೆಯ ಮೇಲೆ. ಎದುರಿಗಿರುವ ಬುರುಡೆಯನ್ನು ಅವನು ನೇರವಾಗಿ ನೋಡಿದವನೇ ಅಲ್ಲ. ಹಾಗಿದ್ದೂ ಎಡಕ್ಕೂ ಬಲಕ್ಕೂ ಒಂದು ಕೂದಲಿನ ಅಂತರ ಬಂದರೆ ಕೇಳಿ! ತಕ್ಕಡಿಯಲ್ಲಿ ತೂಗಿದರೆ ಎರಡು ಕಿವಿಗಳ ಪಕ್ಕದ ಕೃತಾಗಳು ಸಮ ಬರುತ್ತವೆಂದು ಅವನೇ ಹೇಳುತ್ತಿದ್ದ. ಯಾರೂ ತೂಗಲು ಹೋಗಲಿಲ್ಲ, ಆದ್ದರಿಂದ ಸುಳ್ಳೆಂದು ಯಾರೂ ಸಾಬೀತು ಮಾಡಲಿಲ್ಲ.

ಸಲೂನಿನ ಇನ್ನೊಂದು ಶಿಸ್ತು ಅವನು ತಾನೇ ತಂದದ್ದು. ಅಲ್ಲಿ ಮಾತಾಡುವ ಹಕ್ಕು ಅವನೊಬ್ಬನದು. ಗಿರಾಕಿ ಬಾಯಿ ತೆರೆದರೆ, "ಅಲ್ಲಾಡಬೇಡಿ ಸಾರ್, ಕತ್ತಿಗೆ ನಿಮ್ಮ ಪರಿಚಯ ಇಲ್ಲ" ಎನ್ನುತ್ತಿದ್ದ. ಗಂಟಲ ಮೇಲೆ ಕತ್ತಿಯಿರುವಾಗ ಚರ್ಚೆಗೆ ಇಳಿಯುವ ಪಂಡಿತ ಇನ್ನೂ ಹುಟ್ಟಿಲ್ಲ. ಹೀಗಾಗಿ ಊರಿನ ಎಷ್ಟೋ ಬುದ್ಧಿವಂತರು ಅವನ ಕುರ್ಚಿಯಲ್ಲಿ ಕೂತು, ಬುರುಗಿನೊಳಗೆ ಮುಳುಗಿ, ತಮ್ಮ ಬುದ್ಧಿಯನ್ನು ತಮ್ಮಲ್ಲೇ ಇಟ್ಟುಕೊಂಡು ಎದ್ದುಹೋಗಿದ್ದರು.

ಅವರಲ್ಲಿ ವಕೀಲರೊಬ್ಬರು. ಸಣಕಲು ದೇಹ, ಕೊಕ್ಕರೆಯಂಥ ಕತ್ತು. ಕೋರ್ಟಿನಲ್ಲಿ ಅವರು ಬಾಯಿಬಿಟ್ಟರೆ ಫ್ಯಾನು ತಾನಾಗಿ ನಿಲ್ಲುತ್ತದೆಂದು ಪ್ರತೀತಿ. ಕನ್ನಡಿಯಪ್ಪನ ಕುರ್ಚಿಯಲ್ಲಿ ಮಾತ್ರ ಒಂದು ವಾಕ್ಯವನ್ನೂ ಮುಗಿಸಿದವರಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಕೂರುವರು, ಕಣ್ಣು ಮುಚ್ಚುವರು, ನುಣ್ಣಗಾಗಿ ಏಳುವರು.

ಹಳೆಯ ಯಜಮಾನರು ತೀರಿಕೊಂಡರು. ಕಟ್ಟಡ ಅವರ ಮಗನ ಕೈಗೆ ಬಂತು. ಈ ಚಿಕ್ಕ ಯಜಮಾನನ ಮೊದಲ ಕ್ಷೌರ ಮಾಡಿದ್ದೂ ಕನ್ನಡಿಯಪ್ಪನೇ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಹಾಕಿ ಕೂರಿಸಿದಾಗ ಅವನ ಅಳುವಿಗೆ ಬೀದಿಯ ನಾಯಿಗಳೆಲ್ಲ ಊರು ಬಿಟ್ಟಿದ್ದವು. ಈಗ ಅವನು ಬೆಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಲೂನಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ಮಾವ, ಈ ತಿಂಗಳ ಕೊನೆಗೆ ಅಂಗಡಿ ಬಿಟ್ಟುಕೊಡಬೇಕಾಗುತ್ತೆ. ಪಕ್ಕದ ಮಳಿಗೇನೂ ಸೇರಿಸಿ ಬಟ್ಟೆ ಅಂಗಡಿಯವರಿಗೆ ಕೊಡೋಣ ಅಂತ."

ಅವನು 'ಮಾವ' ಎಂದನಲ್ಲ, ಅದು ಕನ್ನಡಿಯಪ್ಪನನ್ನು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ತಿಂಗಳ ಕೊನೆ ಯಾಕೆ? ನಾಳೇನೇ ಬಿಡ್ತೀನಿ. ನನಗೇನು ಜಾಗಕ್ಕೆ ಬರವಾ? ನಾನು ಮರದ ಕೆಳಗೆ ಕುರ್ಚಿ ಹಾಕಿದ್ರೂ ಗಿರಾಕಿಗಳು ಸಾಲು ನಿಲ್ತಾರೆ" ಎಂದ. ಎದೆಯೊಳಗೆ ಏನೋ ಕುಸಿದದ್ದನ್ನು ಕನ್ನಡಿ ನೋಡಿತು, ಬೇರೆ ಯಾರೂ ನೋಡಲಿಲ್ಲ.

ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ಕೋಣೆಯೆಂದರೆ ಕೋಣೆಯೇ: ಒಬ್ಬ ಸೀನಿದರೆ ಇನ್ನೊಬ್ಬ ಹೊರಗೆ ಹೋಗಬೇಕು. ಅದರ ಒಂದು ಗೋಡೆ ಮಾತ್ರ ಕನ್ನಡಿಗೆ ಹೇಳಿ ಮಾಡಿಸಿದಂತಿತ್ತು. ಕನ್ನಡಿಯಪ್ಪ ಅಳತೆ ಪಟ್ಟಿ ಹಿಡಿದು ಅಳೆದು, "ನೋಡು, ನಮ್ಮ ಕನ್ನಡಿಗೆ ಅಂತಲೇ ಈ ಗೋಡೆ ಹುಟ್ಟಿದೆ" ಎಂದು ಹೆಂಡತಿಯ ಮುಂದೆ ಹಿಗ್ಗಿದ. "ಕನ್ನಡಿ ಬಂದ್ರೆ ಈ ಇಲಿಬಿಲ ಅರಮನೆ ಆಗುತ್ತೆ ಕಣೇ. ಎರಡರಷ್ಟು ಕಾಣುತ್ತೆ."

ಹೆಂಡತಿ ಮಾತಿನಲ್ಲಿ ಜಿಪುಣಿ. ಗಂಡನ ಪಾಲಿನ ಮಾತಿನ ಜೊತೆ ಅವಳ ಪಾಲಿನದ್ದನ್ನೂ ಅವನೇ ಖರ್ಚು ಮಾಡುತ್ತಿದ್ದುದರಿಂದ ಅವಳಿಗೆ ಉಳಿದದ್ದೇ ಅಷ್ಟು. ಆ ದಿನ ಮಾತ್ರ ಬಿಡಲಿಲ್ಲ. "ರೀ, ಗೋಡೆಗೆ ಗಾರೆ ಹಾಕಿ ಕೂರಿಸಿದ್ದು ಅದು. ತೆಗೆಯೋಕೆ ಮುಂಚೆ ವಕೀಲರನ್ನ ಒಂದು ಮಾತು ಕೇಳಬಾರದಾ? ವಾರ ವಾರ ನಿಮ್ಮ ಕೈಗೇ ಕತ್ತು ಕೊಡ್ತಾರಲ್ಲ."

"ಏನಂತ ಕೇಳೋದು? ಸಾರ್, ನಮ್ಮಪ್ಪನ ಕನ್ನಡಿ ನಮ್ಮದೇನಾ ಅಂತಲಾ? ಅಂಗೈ ಹುಣ್ಣಿಗೆ ಯಾರಾದ್ರೂ ಕನ್ನಡಿ ಹಿಡೀತಾರಾ?"

"ಹುಣ್ಣಿಗಲ್ಲ ಕೇಳಿದ್ದು, ಕನ್ನಡಿಗೆ."

"ಸುಮ್ನಿರೇ. ನ್ಯಾಯ ಅನ್ನೋದು ನನ್ನ ಕತ್ತರಿ ಇದ್ದ ಹಾಗೆ. ಎರಡೂ ಕಡೆ ಸಮ."

ಭಾನುವಾರ ವಕೀಲರು ಬಂದರು. ಕನ್ನಡಿಯಪ್ಪ ಬಟ್ಟೆ ಹೊದಿಸಿ, ಕುರ್ಚಿ ಹಿಂದಕ್ಕೆ ಬಾಗಿಸಿ, ಮುಖಕ್ಕೆ ಬುರುಗು ಹಚ್ಚಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಾ ತನ್ನ ಪುರಾಣ ಶುರು ಮಾಡಿದ: ಚಿಕ್ಕ ಯಜಮಾನ ಹೇಗೆ ಬಂದ, ತಾನು ಹೇಗೆ ಘರ್ಜಿಸಿದೆ, ಅವನು ಹೇಗೆ ನಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಕನ್ನಡಿ ಯಾವಾಗ ತೆಗೆಸ್ತೀಯ?" ಎಂದರು ವಕೀಲರು, ಬುರುಗಿನ ಸಂದಿಯಿಂದ.

"ಅದಕ್ಕೇನು ಅವಸರ ಸಾರ್? ಮೊದಲು ಅವನ ಬೀಗದಕೈ ಅವನ ಮುಖಕ್ಕೆ ಎಸೀಬೇಕು. ಅಲ್ಲಾಡಬೇಡಿ."

"ಅಲ್ಲಪ್ಪ, ಬೀಗದಕೈ ಕೊಡೋಕೆ ಮುಂಚೆ ನೀನು—"

"ಸಾರ್, ಗದ್ದದ ಕೆಳಗೆ ಬಂದಿದ್ದೀನಿ. ಉಸಿರೂ ಬಿಡಬೇಡಿ."

ವಕೀಲರು ಉಸಿರು ಹಿಡಿದರು. ಕತ್ತಿ ಗಂಟಲ ಗುಬುಟನ್ನು ಬಳಸಿ ಸರ್ರನೆ ಹರಿಯಿತು. ಅದು ಮುಗಿದು ಅವರು ಮತ್ತೆ ತುಟಿ ಬಿಚ್ಚುವಷ್ಟರಲ್ಲಿ ಕನ್ನಡಿಯಪ್ಪ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಮುಖದ ಮೇಲೆ ಮುಚ್ಚಿಬಿಟ್ಟ. ಟವೆಲಿನೊಳಗಿಂದ ಏನೋ ಗುಂಯ್‌ಗುಟ್ಟಿತು. ನ್ಯಾಯದೇವತೆ ಅಷ್ಟು ಹತ್ತಿರ ಬಂದು, ಅಷ್ಟು ಬೆಚ್ಚಗಿನ ಬಟ್ಟೆಯಲ್ಲಿ ಉಸಿರುಗಟ್ಟಿದ್ದು ಲೋಕದಲ್ಲಿ ಇನ್ನೆಲ್ಲೂ ಇರಲಾರದು.

ಏಳುವಾಗ ವಕೀಲರು ಕೆನ್ನೆ ಸವರಿಕೊಳ್ಳುತ್ತಾ, "ನಾನು ಹೇಳೋಕೆ ಹೊರಟಿದ್ದು ಏನಂದ್ರೆ..." ಎಂದರು.

"ಮುಂದಿನ ಭಾನುವಾರ ಹೇಳಿ ಸಾರ್, ಹೊಸ ಅಂಗಡೀಲಿ! ಇನ್ನೂ ಮೂರು ಜನ ಕಾಯ್ತಿದ್ದಾರೆ" ಎಂದು ಅವನು ಬಟ್ಟೆ ಒದರಿದ. ವಕೀಲರ ಬಿಳಿಗಡ್ಡದ ಚೂರುಗಳು ನೆಲಕ್ಕೆ ಬಿದ್ದವು. ಅವರು ಒಮ್ಮೆ ಕನ್ನಡಿಯ ಕಡೆ, ಒಮ್ಮೆ ಅವನ ಕಡೆ ನೋಡಿ, ಹೆಗಲು ಕುಣಿಸಿ ಹೊರಟುಹೋದರು.

ಆ ವಾರದ ಮಧ್ಯದಲ್ಲೇ ಕನ್ನಡಿಯಪ್ಪ ಸಾಮಾನು ಸಾಗಿಸಿದ. ತಿಂಗಳ ಕೊನೆ ಇನ್ನೂ ದೂರವಿತ್ತು. ಆದರೆ ನಾಳೆಯೇ ಬಿಡುವೆನೆಂದವನು ಜಾಗ ಸಿಕ್ಕ ಮೇಲೂ ಕೂತರೆ ಅವನ ಮೀಸೆಗೆ ಏನು ಬೆಲೆ? ಕೈಗಾಡಿಯ ಮೇಲೆ ಎರಡು ಕುರ್ಚಿ, ನೀರಿನ ಡಬ್ಬ, ಬೆಂಚು ಏರಿದವು. ಹೆಂಡತಿ ಬಾಚಣಿಗೆ ಕತ್ತರಿಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು. ಗಾಜಿನ ಕೆಲಸದವನು ಬೇರೆಲ್ಲೋ ಒಪ್ಪಿಕೊಂಡ ಕೆಲಸ ಮುಗಿಸಿ ನಾಳಿದ್ದು ಬರುವುದಾಗಿ ಹೇಳಿದ್ದ. ಬರಿದಾದ ಅಂಗಡಿಯಲ್ಲಿ ಕನ್ನಡಿ ಒಂದೇ ಉಳಿದು, ಬೀದಿಯನ್ನೂ ಗಾಡಿಯನ್ನೂ ಗಂಡ ಹೆಂಡಿರನ್ನೂ ಸುಮ್ಮನೆ ತೋರಿಸುತ್ತಿತ್ತು.

ಅಷ್ಟರಲ್ಲಿ ಚಿಕ್ಕ ಯಜಮಾನ ಬೈಕಿನಲ್ಲಿ ಬಂದ. "ಅಯ್ಯೋ ಮಾವ, ಅವಸರ ಏನಿತ್ತು? ಇನ್ನೂ ದಿನ ಇದೆಯಲ್ಲ. ನಿಧಾನವಾಗಿ ತಗೊಂಡು ಹೋಗಿ."

ಅಷ್ಟೇ ಸಾಕಾಯಿತು. ಎದುರಿನ ಚಹಾ ಅಂಗಡಿಯಿಂದ ಆಗಲೇ ಜನ ಲೋಟ ಹಿಡಿದು ಹೊರಬಂದಿದ್ದರು. ಪ್ರೇಕ್ಷಕರು ನೆರೆದ ಮೇಲೆ ಕನ್ನಡಿಯಪ್ಪ ಸುಮ್ಮನಿರುವುದುಂಟೆ? ಆ ಕನ್ನಡಿ ನಾಟಕಶಾಲೆಯಿಂದ ಬಂದದ್ದಲ್ಲವೆ, ಅದರ ಗುಣ ಅವನಿಗೂ ಅಂಟಿತ್ತು. ಸೊಂಟದಿಂದ ಬೀಗದಕೈಯ ಗೊಂಚಲು ಕಿತ್ತು, ಬೈಕಿನ ಟ್ಯಾಂಕಿನ ಮೇಲೆ ಝಣ್ಣೆಂದು ಎಸೆದು, ಬಲಗೈ ಮೇಲೆತ್ತಿ ಕೂಗಿದ:

"ತಗೋ ನಿನ್ನ ಬೀಗದಕೈ! ನನ್ನದು ಅಂತ ಇಲ್ಲಿ ಇನ್ನು ಒಂದು ಕೂದಲೂ ಇಲ್ಲ! ಉಳಿದದ್ದೆಲ್ಲಾ ನೀನೇ ಇಟ್ಕೊಂಡು ಉದ್ಧಾರ ಆಗು!"

ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ ಶಿಳ್ಳೆ ಹಾಕಿದ. ಹೆಂಡತಿ ಪೆಟ್ಟಿಗೆಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಿಂದ ಗಂಡನ ಅಂಗಿಯ ಹಿಂದಿನ ಚುಂಗು ಎಳೆದಳು. "ರೀ... ಕನ್ನಡಿ."

"ಅದಕ್ಕೇನು ಕಾಲಿದೆಯಾ ಓಡಿಹೋಗೋಕೆ? ನಾಳಿದ್ದು ಬಂದು ತಗೊಂಡ್ರಾಯ್ತು" ಎಂದು ಪಿಸುಗುಟ್ಟಿ, ಅವನು ಕೈಗಾಡಿಯ ಮುಂದೆ ನಡೆದ. ಗೆದ್ದ ರಾಜ ಆನೆಯ ಮೇಲೆ ಹೋಗುತ್ತಾನಂತೆ. ಇವನು ಎರಡು ಕುರ್ಚಿಗಳ ಮುಂದೆ ನಡೆದೇ ಅಷ್ಟು ಎತ್ತರ ಕಂಡ.

ಮರುದಿನವೆಲ್ಲ ಹೊಸ ಕೋಣೆಯಲ್ಲಿ ಅದೇ ಪಾರಾಯಣ. ಬಂದವರಿಗೆಲ್ಲ ಬೀಗದಕೈ ಎಸೆದು ತೋರಿಸಿದ, ಬಾಚಣಿಗೆಯಿಂದ. ಪ್ರತಿ ಬಾರಿಯೂ ಝಣತ್ಕಾರ ಹೆಚ್ಚಾಯಿತು, ಚಿಕ್ಕ ಯಜಮಾನನ ಮುಖ ಬಿಳಿಚಿತು, ಕೊನೆಯ ಮಾತು ಮಾತ್ರ ಒಂದಕ್ಷರವೂ ಬದಲಾಗಲಿಲ್ಲ: ಉಳಿದದ್ದೆಲ್ಲಾ ನೀನೇ ಇಟ್ಕೊಂಡು ಉದ್ಧಾರ ಆಗು. ಗಿರಾಕಿಗಳು ಅದನ್ನು ಮನೆಗೆ ಒಯ್ದರು, ಮಕ್ಕಳು ಶಾಲೆಗೆ ಒಯ್ದರು. ಸಂಜೆಯ ಹೊತ್ತಿಗೆ ಊರಿನಲ್ಲಿ ಪೆನ್ಸಿಲಿಗಾಗಿ ಜಗಳವಾಡಿದ ಹುಡುಗರೂ "ನೀನೇ ಇಟ್ಕೊಂಡು ಉದ್ಧಾರ ಆಗು" ಎನ್ನುತ್ತಿದ್ದರು.

ನಾಳಿದ್ದು ಬಂತು. ಗಾಜಿನ ಕೆಲಸದವನನ್ನು, ಅವನ ಉಳಿ ಸುತ್ತಿಗೆಗಳನ್ನು, ಮನೆಯ ಎರಡು ಹಾಸಿಗೆಗಳನ್ನು ಕರೆದುಕೊಂಡು ಕನ್ನಡಿಯಪ್ಪ ಹಳೆಯ ಅಂಗಡಿಗೆ ಹೋದರೆ, ಬಾಗಿಲಿಗೆ ಹೊಸ ಬೀಗ. ಬೀಗ ಎಷ್ಟು ಹೊಸದೆಂದರೆ ಅದರಲ್ಲಿ ಅವನ ಮುಖ ಸಣ್ಣದಾಗಿ, ಉದ್ದುದ್ದವಾಗಿ ಕಂಡಿತು.

ಚಿಕ್ಕ ಯಜಮಾನನ ಮನೆಗೆ ಹೋದ. ಅವನು ಊಟ ಬಿಟ್ಟು ಎದ್ದು ಬಂದು, ಕೂರಿಸಿ, ನೀರು ಕೊಟ್ಟು, ಕೈ ಒರೆಸಿಕೊಳ್ಳುತ್ತಾ ಹೇಳಿದ: "ಮಾವ, ಬಟ್ಟೆ ಅಂಗಡಿಯವರು ನಿನ್ನೆ ಬಂದು ನೋಡಿದ್ರು. ಕನ್ನಡಿ ನೋಡಿ ಅಲ್ಲೇ ಒಪ್ಪಿಕೊಂಡ್ರು. ಅದು ಸೇರಿಸಿಯೇ ಕರಾರಾಗಿದೆ."

"ಕನ್ನಡಿ ನಂದು ಕಣೋ! ನಮ್ಮಪ್ಪ ಹೊತ್ತು ತಂದಿದ್ದು! ನಿಮ್ಮಪ್ಪಾನೇ ಹೇಳಿದ್ರು, ಕನ್ನಡಿ ನಿಂದು, ಗೋಡೆ ನಂದು ಅಂತ!"

"ಅಪ್ಪ ಹೇಳಿದ್ದು ನನಗೆ ಗೊತ್ತಿಲ್ಲ ಮಾವ. ನೀವು ಹೇಳಿದ್ದು ಗೊತ್ತು. ಬೀದಿಯಲ್ಲಿ ನಿಂತು, ಉಳಿದದ್ದೆಲ್ಲಾ ಇಟ್ಕೋ ಅಂದ್ರಿ. ನಾನು ಬೇಡ ಅನ್ನಲಿಲ್ಲ, ಇಟ್ಕೊಂಡೆ." ಅವನು ದನಿ ತಗ್ಗಿಸಿದ. "ಒಂದು ಮಾತು ಮೊದಲೇ, ಮಾವ, ಕನ್ನಡಿ ತಗೊಂಡು ಹೋಗ್ತೀನಿ ಅಂತ ಅಂದಿದ್ರೆ ನಾನೇ ಜನ ಕಳಿಸ್ತಿದ್ದೆ. ಈಗ ಅವರಿಗೆ ಮಾತು ಕೊಟ್ಟಾಗಿದೆ. ನಾನೂ ತಿಳಿದವರನ್ನ ಕೇಳಿ ನೋಡಿದೆ. ಬೀಗದಕೈ ಕೊಟ್ಟ ಮೇಲೆ ಗೋಡೆಯಲ್ಲಿ ಉಳಿದದ್ದು ಗೋಡೇದೇ ಅಂತೆ."

ಗೋಡೇದೇ! ಕನ್ನಡಿಯಪ್ಪ ಅಲ್ಲಿಂದ ಎದ್ದವನು ವಕೀಲರ ಕಚೇರಿಗೆ ಓಡಿದ ರಭಸಕ್ಕೆ ದಾರಿಯಲ್ಲಿದ್ದ ಮೂರು ಸೈಕಲ್ಲುಗಳು ತಾವಾಗಿ ಬಿದ್ದವು. ಜನ್ಮದಲ್ಲಿ ಮೊದಲ ಬಾರಿ ಅವನು ಆ ಮೆಟ್ಟಿಲು ಹತ್ತಿದ್ದು. ವಕೀಲರು ಕುರ್ಚಿ ತೋರಿಸಿದರು. ಅದು ತಿರುಗುವ ಕುರ್ಚಿಯಲ್ಲ, ಹಿಂದಕ್ಕೆ ಬಾಗುವುದೂ ಅಲ್ಲ. ನೆಟ್ಟಗೆ ಕೂರಬೇಕು, ಕೇಳಬೇಕು. ಅವನು ಒಂದೇ ಉಸಿರಿಗೆ ಎಲ್ಲ ಹೇಳಿ, ಮತ್ತೆ ಮೊದಲಿಂದ ಶುರು ಮಾಡುವಷ್ಟರಲ್ಲಿ ವಕೀಲರು ಕೈ ಎತ್ತಿದರು.

"ಅಲ್ಲಾಡಬೇಡ" ಎಂದರು.

ಅವನು ಅಲ್ಲಾಡಲಿಲ್ಲ.

"ನಾನು ಆವತ್ತು ಹೇಳೋಕೆ ಹೊರಟಿದ್ದು ಒಂದೇ ಮಾತು. ಬಾಡಿಗೆದಾರ ಗೋಡೆಗೆ ಕೂರಿಸಿದ್ದನ್ನ ತೆಗೆದುಕೊಂಡು ಹೋಗಬಹುದು, ಗೋಡೆ ಸರಿಮಾಡಿಕೊಟ್ಟು. ಆದರೆ ಬೀಗದಕೈ ಕೈಯಲ್ಲಿರೋತನಕ ಮಾತ್ರ. ಜಾಗ ಒಪ್ಪಿಸಿದ ಮೇಲೆ ಆ ಹಕ್ಕು ಹೋಯ್ತು. ಮೊದಲು ಕನ್ನಡಿ ತೆಗಿ, ಆಮೇಲೆ ಬೀಗದಕೈ ಕೊಡು. ಇಷ್ಟೇ. ನಿನ್ನ ಟವೆಲಿನ ಕೆಳಗೆ ಇಷ್ಟನ್ನೂ ಪೂರ್ತಿ ಹೇಳಿದ್ದೆ ಕಣಯ್ಯ. ನಿನಗೆ ಕೇಳಿಸಲಿಲ್ಲ."

ಕನ್ನಡಿಯಪ್ಪನಿಗೆ ಟವೆಲಿನ ಗುಂಯ್‌ಗುಡುವಿಕೆ ಈಗ ಒಂದೊಂದು ಅಕ್ಷರವಾಗಿ ಕೇಳಿಸಿತು.

"ದಾವೆ ಹಾಕಿ ಸಾರ್. ನಾನು ಬಿಡೋನಲ್ಲ. ಹೊಸ ಅಂಗಡೀಲಿ ಆ ಕನ್ನಡಿ ಇಲ್ಲದೆ ನನ್ನ ಕೈಯೇ ಓಡ್ತಿಲ್ಲ. ಬೇಕಾದಷ್ಟು ಸಾಕ್ಷಿ ಇದೆ, ಇಡೀ ಬೀದಿ ಇದೆ!"

"ಹಾಕಬಹುದು. ನಿಮ್ಮಪ್ಪಂಗೆ ಹಳೆಯ ಯಜಮಾನರು ಹೇಳಿದ್ದನ್ನ ಕೇಳಿಸಿಕೊಂಡೋರು ಯಾರಿದ್ದಾರೆ?"

"ಅವರೆಲ್ಲ... ಹೋದರು ಸಾರ್."

"ನೀನು ಹೇಳಿದ್ದನ್ನ ಕೇಳಿಸಿಕೊಂಡೋರು?"

ಕನ್ನಡಿಯಪ್ಪ ಕಿಟಕಿಯಾಚೆಯ ಬೀದಿಯ ಕಡೆ ನೋಡಿದ.

"ಅವರನ್ನ ನಾನು ಕರೀಬೇಕಾಗಿಲ್ಲ. ಎದುರು ಕಡೆಯವರೇ ಕರೀತಾರೆ. ನಮ್ಮ ಮನೆ ಕೆಲಸದವಳಿಗೂ ಆ ಮಾತು ಬಾಯಿಪಾಠ ಆಗಿದೆ" ಎಂದರು ವಕೀಲರು. ಅವರು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. "ಒಂದು ಹಾಳೆ ಸಾಕಾಗಿತ್ತು ಕನ್ನಡಿಯಪ್ಪ, ನಿಮ್ಮಪ್ಪನ ಕಾಲದಲ್ಲೇ. ಅದು ಬೇಡ, ಒಂದು ನಿಮಿಷ ಸಾಕಾಗಿತ್ತು, ಭಾನುವಾರ."

ಆದರೂ ಮನುಷ್ಯನ ಆಸೆ ನೋಡಿ. ಬರುವಾಗ ಚಹಾ ಅಂಗಡಿಗೆ ಹೋದ. ಚಹಾದವನನ್ನು ಮೂಲೆಗೆ ಕರೆದು, "ಆವತ್ತು ನಾನು ನಿಜವಾಗಿ ಏನಂದೆನೋ? ಉಳಿದದ್ದು ಅಂದ್ನಾ, ಇಲ್ಲಾ ಕಸ ಗಿಸ ಅಂದ್ನಾ? ಸರಿಯಾಗಿ ನೆನಪು ಮಾಡ್ಕೋ" ಎಂದ.

"ಅಯ್ಯೋ ಅಣ್ಣಾ, ನೆನಪು ಮಾಡ್ಕೊಳ್ಳೋದೇನು? ದಿನಾ ಮಾಡಿ ತೋರಿಸ್ತಿದ್ದೀನಿ!" ಎಂದು ಚಹಾದವನು ಸೋಸುವ ಬಟ್ಟೆ ಬದಿಗಿಟ್ಟ. ಸೊಂಟ ಓರೆ ಮಾಡಿ, ಬಲಗೈ ಎತ್ತಿ, ಮೂಗಿನ ಹೊಳ್ಳೆ ಅರಳಿಸಿ, ಚಮಚವನ್ನು ಕಟ್ಟೆಯ ಮೇಲೆ ಝಣ್ಣೆಂದು ಎಸೆದ. "ಉಳಿದದ್ದೆಲ್ಲಾ ನೀನೇ ಇಟ್ಕೊಂಡು ಉದ್ಧಾರ ಆಗು!" ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ಹೇಗಿದೆ ಅಣ್ಣಾ? ಕೈ ಸ್ವಲ್ಪ ಇನ್ನೂ ಮೇಲೆ ಹೋಗ್ಬೇಕಾ?"

ಜೀವಮಾನವೆಲ್ಲ ಕನ್ನಡಿಯೊಳಗೆ ಊರನ್ನು ನೋಡಿದವನು ತನ್ನನ್ನು ಇಷ್ಟು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು. "ಸರಿಯಾಗಿದೆ" ಎಂದ. ಚಹಾ ಕುಡಿಯದೆ ಹೊರಟ. ದಾವೆಯ ಮಾತು ಮತ್ತೆ ಎತ್ತಲಿಲ್ಲ.

ಬಟ್ಟೆ ಅಂಗಡಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೆಂಡತಿಯೇ, "ನನಗೊಂದು ಟವೆಲ್ ನೋಡ್ಬೇಕು, ಬನ್ನಿ" ಎಂದು ಕರೆದುಕೊಂಡು ಹೋದಳು. ಮನೆಯಲ್ಲಿ ಟವೆಲುಗಳಿಗೆ ಬರವಿರಲಿಲ್ಲ, ಸಲೂನಿನವನ ಮನೆಯಲ್ಲಿ ಇರುವುದೇ ಟವೆಲು.

ಗೋಡೆಗೆಲ್ಲ ತಿಳಿ ಹಳದಿ ಬಣ್ಣ ಬಂದಿತ್ತು. ಕನ್ನಡಿಯ ಮರದ ಪಟ್ಟಿಗೂ ಅದೇ ಬಣ್ಣ ಬಳಿದಿದ್ದರು. ಎಲ್ಲಿ ಗೋಡೆ ಮುಗಿದು ಎಲ್ಲಿ ಪಟ್ಟಿ ಶುರುವಾಗುತ್ತದೆಂದು ತಿಳಿಯದಷ್ಟು. ಕನ್ನಡಿ ಮುಂಚೆ ಗೋಡೆಯನ್ನು ನುಂಗಿತ್ತಲ್ಲ, ಈಗ ಗೋಡೆ ಕನ್ನಡಿಯನ್ನು ನುಂಗಿತ್ತು. ಅದರ ಮುಂದೆ ಒಬ್ಬಳು ಸೆರಗಿಗೆ ಬಟ್ಟೆ ಹಿಡಿದು ತಿರುತಿರುಗಿ ನೋಡಿಕೊಂಡು ಹೋದಳು. ಜಾಗ ಖಾಲಿಯಾಯಿತು. ಇವರಿಬ್ಬರೂ ನಿಂತರು.

ಗಂಡಸರ ಸಲೂನಾಗಿದ್ದಾಗ ಹೆಂಡತಿ ಅಲ್ಲಿಗೆ ಬರುತ್ತಿದ್ದುದು ಬಾಗಿಲು ತೆರೆಯುವ ಮೊದಲು, ಕಸ ಗುಡಿಸಿ ಕನ್ನಡಿ ಒರೆಸಲು ಮಾತ್ರ. ಇಷ್ಟು ವರ್ಷದಲ್ಲಿ ಇಬ್ಬರೂ ಜೊತೆಯಾಗಿ ಅದರಲ್ಲಿ ನೋಡಿಕೊಂಡದ್ದೇ ಇಲ್ಲ. ಅವಳ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದ್ದನ್ನು ಕನ್ನಡಿಯಪ್ಪ ಅಲ್ಲಿ ನೋಡಿದ. ಇಡೀ ಊರಿನ ತಲೆ ನೋಡಿದವನಿಗೆ ಅದು ತಪ್ಪಿಹೋಗಿತ್ತು. ಕೈ ಮುಂದೆ ಚಾಚಿ ಗಾಜಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು.

"ಮುಟ್ಟಬೇಡಿ ಸಾರ್" ಎಂದಳು ಅಂಗಡಿಯ ಹುಡುಗಿ, ತುಂಬ ಮರ್ಯಾದೆಯಿಂದ. "ಕೈಗುರುತು ಬೀಳುತ್ತೆ."

ಅವನು ಕೈ ತೆಗೆದ. ಹೆಂಡತಿ ತನ್ನ ಸೆರಗಿನ ತುದಿಯಿಂದ ಆ ಗುರುತನ್ನು ಒರೆಸಿದಳು, ಮೊದಲು ಬೆಳಿಗ್ಗೆ ಬೆಳಿಗ್ಗೆ ಒರೆಸುತ್ತಿದ್ದ ಹಾಗೆಯೇ, ಸುತ್ತು ಸುತ್ತಾಗಿ. ಟವೆಲು ಕೊಳ್ಳದೆ ಇಬ್ಬರೂ ಹೊರಗೆ ಬಂದರು. ಅವಳು ಅಂದೂ ಇಂದೂ "ನಾನು ಹೇಳಿರಲಿಲ್ಲವಾ" ಎನ್ನಲಿಲ್ಲ. ಎಂದಿದ್ದರೆ ಅವನು ಜಗಳವಾಡಿ ಗೆಲ್ಲುತ್ತಿದ್ದ.

ಹೊಸ ಕೋಣೆಯಲ್ಲಿ ಈಗ ಒಂದು ಕನ್ನಡಿಯಿದೆ. ತಟ್ಟೆಗಿಂತ ದೊಡ್ಡದು, ಕಿಟಕಿಗಿಂತ ಚಿಕ್ಕದು. ಗಾಜಿನ ಕೆಲಸದವನು ಅದನ್ನು ಗೋಡೆಗೆ ಕೂರಿಸಲು ಉಳಿ ತೆಗೆದಾಗ ಕನ್ನಡಿಯಪ್ಪ ಹಾವು ಕಂಡವನಂತೆ ಹಾರಿ ಬಿದ್ದು, "ಗೋಡೆಗೆ ಕೈ ಹಚ್ಚಬೇಡ! ಎರಡು ಕೊಕ್ಕೆ ಹಾಕು, ಸಾಕು!" ಎಂದಿದ್ದ. ಆ ಕೋಣೆಯ ಯಜಮಾನಿ ಒಬ್ಬ ಮುದುಕಿ. ಕಿವಿ ಮಂದ, ಅಕ್ಷರ ಬಾರದು. ಅವಳೊಡನೆ ಕೂಡ ಕರಾರಿನ ಹಾಳೆಯಾಗಿದೆ. ವಕೀಲರು ಅದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಅವಳು ಹೆಬ್ಬೆಟ್ಟು ಒತ್ತಿ, "ಇಷ್ಟು ಚಿಕ್ಕ ಕನ್ನಡಿಗೆ ಇಷ್ಟು ದೊಡ್ಡ ಕಾಗದವೇನಪ್ಪ?" ಎಂದು ಕೇಳಿದಳು. ಕೆಟ್ಟ ಮೇಲೆ ಬಂದ ಬುದ್ಧಿಗೆ ಅಳತೆ ತಿಳಿಯುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಭಾನುವಾರ ವಕೀಲರು ಬಂದರು. ಈ ಸಲ ತಲೆಗೂದಲು ಕತ್ತರಿಸಬೇಕೆಂದರು. ಕನ್ನಡಿಯಪ್ಪ ಬಟ್ಟೆ ಹೊದಿಸಿ ಕತ್ತರಿ ಎತ್ತಿದ. ಕಣ್ಣು ಅಭ್ಯಾಸದಂತೆ ಮುಂದಕ್ಕೆ ಹೋಯಿತು. ಆ ಚಿಕ್ಕ ಕನ್ನಡಿಯಲ್ಲಿ ವಕೀಲರ ಮುಖ ಮಾತ್ರ ಹಿಡಿಯುತ್ತಿತ್ತು, ಕಿವಿಗಳು ಎರಡೂ ಕಡೆ ಹೊರಗುಳಿದಿದ್ದವು. ಅವನು ಒಮ್ಮೆ ಎಡಕ್ಕೆ ಬಾಗಿ, ಒಮ್ಮೆ ಬಲಕ್ಕೆ ಬಾಗಿ, ಕೊನೆಗೆ ತಲೆಯನ್ನೇ ನೇರವಾಗಿ ನೋಡತೊಡಗಿದ. ಅದು ಅವನಿಗೆ ಅಪರಿಚಿತ ತಲೆ. ಅಲ್ಲಿ ಎಡವಾಗಿದ್ದದ್ದು ಇಲ್ಲಿ ಬಲ. ಅಲ್ಲಿ ಕಾಣದ ಸುಳಿ ಇಲ್ಲಿದೆ. ಕತ್ತರಿ ಎರಡು ಹೆಜ್ಜೆ ಹೋಗಿ ನಿಲ್ಲುತ್ತಿತ್ತು, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನಂತೆ.

ವಕೀಲರು ಬಾಯಿ ತೆರೆದರು.

ಕನ್ನಡಿಯಪ್ಪ ತಕ್ಷಣ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಕಾಯುತ್ತಿದ್ದ ಗಿರಾಕಿಗಳಿಗೂ ಸುಮ್ಮನಿರುವಂತೆ ಕೈ ಮಾಡಿದ. ಕುರ್ಚಿಯ ಪಕ್ಕಕ್ಕೆ ಬಂದು, ಬಗ್ಗಿ, ಕಿವಿ ಕೊಟ್ಟು, ತಾನೇ ತಲೆ ತಗ್ಗಿಸಿ ನಿಂತ. "ಹೇಳಿ ಸಾರ್. ನಿಧಾನವಾಗಿ ಹೇಳಿ. ಪೂರ್ತಿ ಹೇಳಿ."

ವಕೀಲರು ಅವನ ಮುಖ ನೋಡಿದರು. ಹೇಳಲು ದೊಡ್ಡದೇನೂ ಇರಲಿಲ್ಲ.

"ಏನಿಲ್ಲಪ್ಪ" ಎಂದರು ಮೆಲ್ಲಗೆ. "ಎಡಗಡೆ ಸ್ವಲ್ಪ ಉದ್ದ ಉಳೀತು ಅನ್ಸುತ್ತೆ."